ಆಕಾಶದಿಂದ ಬಿದ್ದ ಕರಿಕಲ್ಲು

(ಕುರಿಚಿಯಲ್ಲಿ ನಡೆದ ನಮ್ಮ ಸಂಘದ ವಾರ್ಷಿಕೋತ್ಸವದಂದು ಮಾಡಿದ ಭಾಷಣದ ಬರಹರೂಪ)



ಈ ಶುಭದಿನದಂದು ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ನನ್ನನ್ನು ಕೇಳಿಕೊಂಡಾಗ ನಾನು ಹಿಂಜರಿದದ್ದು ನಿಜ. ಇಂಥ ಸಮಾರಂಭಗಳಲ್ಲಿ ನುಡಿಯ ಹಿರಿಮೆಯನ್ನೂ ಸಾಹಿತ್ಯದ ಸೊಬಗನ್ನೂ ಕುರಿತು ಮಾತನಾಡುವುದು ವಾಡಿಕೆ. ಅದಕ್ಕೆ ತಕ್ಕ ವಿದ್ವಾಂಸರು ಈ ವೇದಿಕೆಯ ಮೇಲೆಯೇ ಇದ್ದಾರೆ. ನಾನಾದರೋ ಇದೇ ಕುರಿಚಿಯ ಎರಕದ ಕಾರ್ಖಾನೆಯೊಂದರಲ್ಲಿ ಮೂವತ್ತೈದು ವರ್ಷ ಕುಲುಮೆಯ ಮುಂದೆ ನಿಂತವನು. ಕರಗಿದ ಕಬ್ಬಿಣವೂ ಕಿಟ್ಟವೂ ನನ್ನ ವಿದ್ಯೆ. ಆದ್ದರಿಂದ ನನಗೆ ತಿಳಿದ ದಾರಿಯಲ್ಲಿಯೇ ನಡೆದು, ಕಲ್ಲೊಂದರ ವಿಚಾರವನ್ನು ನಿಮ್ಮ ಮುಂದಿಡುತ್ತೇನೆ. ಕನ್ನಡ ಸಂಘಕ್ಕೂ ಕಲ್ಲಿಗೂ ಏನು ಸಂಬಂಧವೆಂದು ಕೇಳುವವರು ಕೊನೆಯವರೆಗೆ ತಾಳ್ಮೆಯಿಂದ ಕೇಳಬೇಕೆಂದು ಪ್ರಾರ್ಥನೆ.

ರಾತ್ರಿಯ ಹೊತ್ತು ಅಂಗಳದಲ್ಲಿ ಮಲಗಿದವರು ಚುಕ್ಕಿ ಬೀಳುವುದನ್ನು ನೋಡದೆ ಇರುವುದಿಲ್ಲ. ನಮ್ಮ ಪೂರ್ವಿಕರೂ ಅದನ್ನು ಬಲ್ಲರು. ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಉಲ್ಕೆಗಳಿಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದು ಬಗೆಗಳನ್ನು ಹೇಳಿದ್ದಾನೆ. ಹೀಗೆ ಬೀಳುವ ಚುಕ್ಕಿಗಳಲ್ಲಿ ಬಹುಪಾಲು ಮರಳಿನ ಹರಳಿನಷ್ಟು ಕಿರಿದಾದ ಧೂಳು, ಗಾಳಿಯಲ್ಲಿಯೇ ಉರಿದುಹೋಗುತ್ತವೆ. ಅಪರೂಪಕ್ಕೊಮ್ಮೆ ದೊಡ್ಡ ಕಲ್ಲೊಂದು ನುಗ್ಗಿಬಂದು, ಗುಡುಗಿನಂತೆ ಸದ್ದುಮಾಡಿ, ಉರಿದು ಉಳಿದಷ್ಟು ಭಾಗ ನೆಲಕ್ಕೆ ಬೀಳುತ್ತದೆ. ಅದೇ ಉಲ್ಕಾಶಿಲೆ.

ಆಕಾಶದಿಂದ ಕಲ್ಲು ಬೀಳುತ್ತದೆಂಬ ಹಳ್ಳಿಗರ ಮಾತನ್ನು ಯುರೋಪಿನ ಪಂಡಿತರು ಬಹುಕಾಲ ನಂಬಲಿಲ್ಲ. 1794ರಲ್ಲಿ ಜರ್ಮನಿಯ ಕ್ಲಾಡ್ನಿ ಎಂಬವನು ಇದು ನಿಜವೆಂದು ವಾದಿಸಿ ಪುಸ್ತಕ ಬರೆದಾಗ ನಕ್ಕವರೇ ಹೆಚ್ಚು. ಆ ನಗುವನ್ನು ನಿಲ್ಲಿಸಿದ ಸಾಕ್ಷ್ಯಗಳಲ್ಲಿ ಒಂದು ನಮ್ಮ ದೇಶದಿಂದಲೇ ಹೋಯಿತು. 1798ರ ಡಿಸೆಂಬರ್ 19ರ ರಾತ್ರಿ ಕಾಶಿಯ ಬಳಿ ಕಲ್ಲುಗಳು ಉದುರಿದವು. ಅವುಗಳ ಚೂರುಗಳನ್ನು ಇತರ ದೇಶಗಳಲ್ಲಿ ಬಿದ್ದ ಕಲ್ಲುಗಳೊಡನೆ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಹೋವರ್ಡ್ ಪರೀಕ್ಷಿಸಿ, ಅವೆಲ್ಲ ಒಂದನ್ನೊಂದು ಹೋಲುತ್ತವೆಂದೂ, ಅವುಗಳೊಳಗಿನ ಕಬ್ಬಿಣದಲ್ಲಿ ನಿಕ್ಕಲ್ ಲೋಹ ಬೆರೆತಿದೆಯೆಂದೂ 1802ರಲ್ಲಿ ತೋರಿಸಿಕೊಟ್ಟನು. ಕಾಶಿಯ ರೈತನು ಕಣ್ಣಾರೆ ಕಂಡದ್ದನ್ನು ಲಂಡನ್ನಿನ ಪಂಡಿತನು ಒಪ್ಪುವಂತಾದದ್ದು ಹೀಗೆ.

ಉಲ್ಕಾಶಿಲೆಗಳಲ್ಲೆಲ್ಲ ಒಂದೇ ಜಾತಿಯಿಲ್ಲ. ಈ ವಿಷಯವನ್ನು ವಿವರಿಸಲು ಕುರಿಚಿಗಿಂತ ಒಳ್ಳೆಯ ಊರು ಬೇರೆ ಇಲ್ಲವೆಂದು ನನ್ನ ಭಾವನೆ. ಇಲ್ಲಿ ಕುಳಿತವರಲ್ಲಿ ಅರ್ಧದಷ್ಟು ಮಂದಿಯ ಮನೆಯಲ್ಲಿ ಯಾರಾದರೊಬ್ಬರು ಎರಕದ ಕೆಲಸವನ್ನೋ ಪಂಪುಗಳ ಕೆಲಸವನ್ನೋ ಮಾಡಿದವರು ಇದ್ದೇ ಇರುತ್ತಾರೆ. ಕ್ಯುಪೋಲಾ ಕುಲುಮೆಯನ್ನು ನೆನೆದುಕೊಳ್ಳಿ. ಕಬ್ಬಿಣ, ಕೋಕ್, ಸುಣ್ಣಕಲ್ಲು ಇವನ್ನು ಪದರ ಪದರವಾಗಿ ತುಂಬುತ್ತೇವೆ. ಬೆಂಕಿ ಏರಿ ಎಲ್ಲವೂ ಕರಗಿದ ಮೇಲೆ ಭಾರವಾದ ಕಬ್ಬಿಣ ತಳಕ್ಕೆ ಇಳಿಯುತ್ತದೆ, ಹಗುರವಾದ ಕಿಟ್ಟ ಮೇಲೆ ತೇಲುತ್ತದೆ. ಆದ್ದರಿಂದಲೇ ಕಬ್ಬಿಣ ಹರಿಯುವ ಕಂಡಿ ಕೆಳಗೆ, ಕಿಟ್ಟ ಹರಿಯುವ ಕಂಡಿ ಮೇಲೆ. ಕುಲುಮೆಗೆ ಬೆಂಕಿ ಹಾಕುವ ಮೊದಲಿನ ಸ್ಥಿತಿ ಒಂದು. ಕರಗಿ ಬೇರ್ಪಟ್ಟ ನಂತರದ ಸ್ಥಿತಿ ಇನ್ನೊಂದು.

ಭೂಮಿಗೆ ಬೀಳುವುದನ್ನು ಜನ ಕಂಡಿರುವ ಉಲ್ಕಾಶಿಲೆಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮೊದಲನೆಯ ಸ್ಥಿತಿಯವು. ಅವುಗಳಿಗೆ ಕಾಂಡ್ರೈಟ್ ಎಂದು ಹೆಸರು. ಅವುಗಳೊಳಗೆ ರಾಗಿಯ ಕಾಳಿನಂಥ ಸಣ್ಣ ಸಣ್ಣ ಗೋಲಿಗಳೂ ಕಬ್ಬಿಣದ ಚುಕ್ಕೆಗಳೂ ಬೆರೆತು ಕುಳಿತಿರುತ್ತವೆ. ಸುಮಾರು 456 ಕೋಟಿ ವರ್ಷಗಳ ಹಿಂದೆ ಸೌರವ್ಯೂಹ ಹುಟ್ಟಿದಾಗ ಹೇಗೆ ಕೂಡಿಕೊಂಡವೋ ಹೆಚ್ಚು ಕಡಿಮೆ ಹಾಗೆಯೇ ಉಳಿದ ಕಲ್ಲುಗಳು ಇವು. ಕುಲುಮೆಯನ್ನು ಸೇರದ ಸರಕು ಎನ್ನೋಣ.

ನೂರಕ್ಕೆ ಸುಮಾರು ಎಂಟರಷ್ಟು ಕಲ್ಲುಗಳು ಮಾತ್ರ ಬೇರೆ ಬಗೆಯವು. ಅವುಗಳಲ್ಲಿ ಗೋಲಿಗಳಿಲ್ಲ, ಕಬ್ಬಿಣವೂ ಬಲು ಕಡಿಮೆ. ಯಾವುದೋ ಪರಲೋಕದ ಕುಲುಮೆಯಲ್ಲಿ ಕರಗಿ, ಕಬ್ಬಿಣವನ್ನು ತಳಕ್ಕೆ ಬಿಟ್ಟುಕೊಟ್ಟು, ಮೇಲೆದ್ದು ಹರಿದು, ತಣಿದು ಗಟ್ಟಿಯಾದ ಶಿಲಾರಸ ಇದು. ಇವನ್ನು ಅಕಾಂಡ್ರೈಟುಗಳೆನ್ನುತ್ತಾರೆ. ಇವುಗಳಲ್ಲಿ ಮುಖ್ಯವಾದ ಯೂಕ್ರೈಟ್ ಎಂಬುದು ನಮ್ಮ ದಖ್ಖನಿನ ಲಾವಾಶಿಲೆಯ ಹತ್ತಿರದ ಬಂಧು. ಚಾಮರಾಜನಗರದ ಕಡೆಯಿಂದ ಲಾರಿಗಳಲ್ಲಿ ಬರುವ ಕರಿಕಲ್ಲನ್ನು ನೀವೆಲ್ಲ ನೋಡಿದ್ದೀರಿ. ಅದೂ ಒಮ್ಮೆ ಕರಗಿದ್ದ ಶಿಲಾರಸವೇ. ಅದರಲ್ಲಿರುವ ಎರಡು ಮುಖ್ಯ ಖನಿಜಗಳಾದ ಪೈರಾಕ್ಸೀನ್ ಮತ್ತು ಪ್ಲೇಜಿಯೋಕ್ಲೇಸ್‌ಗಳೇ ಯೂಕ್ರೈಟಿನಲ್ಲಿಯೂ ಇರುವುದು. ಇನ್ನೂ ಆಳದಲ್ಲಿ ನಿಧಾನವಾಗಿ ತಣಿದದ್ದು ಡಯೋಜಿನೈಟ್. ಇವೆರಡೂ ಹೊಡೆತಕ್ಕೆ ಸಿಕ್ಕಿ ಪುಡಿಯಾಗಿ ಮತ್ತೆ ಬೆರೆತುಕೊಂಡದ್ದಕ್ಕೆ ಹೋವರ್ಡೈಟ್ ಎಂದು ಹೆಸರು. ಕಾಶಿಯ ಕಲ್ಲನ್ನು ಪರೀಕ್ಷಿಸಿದ ಆ ಹೋವರ್ಡನ ಗೌರವಾರ್ಥವಾಗಿ ಬಂದ ಹೆಸರದು.

ಹಾಗಾದರೆ ಆ ಕುಲುಮೆ ಎಲ್ಲಿದೆ? ಮಂಗಳ ಮತ್ತು ಗುರುಗ್ರಹಗಳ ನಡುವೆ ಸುತ್ತುವ ಕ್ಷುದ್ರಗ್ರಹಗಳಲ್ಲಿ ವೆಸ್ಟಾ ಎಂಬುದೊಂದಿದೆ. 1807ರಲ್ಲಿ ಓಲ್ಬರ್ಸ್ ಎಂಬವನು ಕಂಡುಹಿಡಿದ ಈ ಪುಟ್ಟ ಲೋಕದ ಅಡ್ಡಗಲ ಸುಮಾರು 525 ಕಿಲೋಮೀಟರ್. ಇಲ್ಲಿಂದ ಮದ್ರಾಸಿಗೆ ಹೋಗುವಷ್ಟು ದಾರಿಯೆಂದು ತಿಳಿಯಿರಿ. 1970ರಲ್ಲಿ ವಿಜ್ಞಾನಿಗಳು ವೆಸ್ಟಾದಿಂದ ಬರುವ ಬೆಳಕನ್ನು ಬಿಡಿಸಿ ನೋಡಿದಾಗ ಅದು ಯೂಕ್ರೈಟಿನ ಮೇಲಿಂದ ಪ್ರತಿಫಲಿಸಿದ ಬೆಳಕಿಗೆ ಸರಿಹೊಂದಿತು. 2011ರ ಜುಲೈಯಿಂದ 2012ರ ಸೆಪ್ಟೆಂಬರಿನವರೆಗೆ ಅಮೆರಿಕದ ಡಾನ್ ನೌಕೆ ವೆಸ್ಟಾವನ್ನು ಸುತ್ತಿ, ಈ ನಂಟನ್ನು ಗಟ್ಟಿಮಾಡಿತು. ವೆಸ್ಟಾದ ದಕ್ಷಿಣ ಧ್ರುವದಲ್ಲಿ ಸುಮಾರು 500 ಕಿಲೋಮೀಟರ್ ಅಗಲದ ಬೃಹತ್ ಗುಂಡಿಯಿದೆ. ಯಾವುದೋ ಕಾಲದಲ್ಲಿ ಬಿದ್ದ ಪೆಟ್ಟಿನಿಂದ ಅಲ್ಲಿಂದೆದ್ದ ಚೂರುಗಳೇ ಬಾಹ್ಯಾಕಾಶದಲ್ಲಿ ಅಲೆದಾಡಿ ಕೆಲವು ನಮ್ಮ ಹೊಲಗಳಿಗೆ ಬೀಳುತ್ತವೆ.

ಇಲ್ಲೊಂದು ಪ್ರಶ್ನೆ ಬರುತ್ತದೆ. ಕುಲುಮೆಗೆ ಕೋಕ್ ಬೇಕಷ್ಟೆ. ಇಷ್ಟು ಚಿಕ್ಕ ಲೋಕ ಕರಗುವುದಕ್ಕೆ ಉರುವಲೆಲ್ಲಿತ್ತು? ಇದಕ್ಕೆ ಉತ್ತರ ಹೇಳಿದ ಕಲ್ಲುಗಳಲ್ಲಿ ಒಂದು ನಮ್ಮ ರಾಜಸ್ಥಾನದ್ದು. 1996ರ ಜೂನ್ 20ರ ರಾತ್ರಿ ಪಾಲಿ ಜಿಲ್ಲೆಯ ಪಿಪ್ಲಿಯಾ ಕಲಾಂ ಎಂಬಲ್ಲಿ ಯೂಕ್ರೈಟ್ ಬಿದ್ದಿತು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಶ್ರೀನಿವಾಸನ್, ಗೋಸ್ವಾಮಿ, ಭಂಡಾರಿ ಇವರು ಅದನ್ನು ಅಭ್ಯಸಿಸಿ, ಅಲ್ಯೂಮಿನಿಯಮ್-26 ಎಂಬ ವಿಕಿರಣಶೀಲ ವಸ್ತು ಆ ಕಲ್ಲಿನಲ್ಲಿ ಒಮ್ಮೆ ಜೀವಂತವಾಗಿತ್ತೆಂಬುದರ ಗುರುತನ್ನು ಕಂಡು 1999ರಲ್ಲಿ ಪ್ರಕಟಿಸಿದರು. ಈ ವಸ್ತು ಸುಮಾರು ಏಳು ಲಕ್ಷ ವರ್ಷಗಳಲ್ಲಿ ಅರ್ಧದಷ್ಟು ಕ್ಷಯಿಸುತ್ತದೆ. ಕ್ಷಯಿಸುವಾಗ ಶಾಖವನ್ನು ಬಿಡುತ್ತದೆ. ಸೌರವ್ಯೂಹದ ಶೈಶವದಲ್ಲಿ ಅದು ಹೇರಳವಾಗಿದ್ದಾಗಲೇ ಈ ಪುಟ್ಟ ಲೋಕಗಳು ಹುಟ್ಟಿ, ಅದರ ಬಿಸಿಯಿಂದಲೇ ಕರಗಿದವೆಂಬ ಊಹೆಗೆ ಹೀಗೆ ಬಲ ಬಂತು. ಹಳ್ಳಿಯೊಂದರ ನೆಲದಲ್ಲಿ ಬಿದ್ದಿದ್ದ ಕಲ್ಲನ್ನು ಯಾರೂ ಎತ್ತಿಡದಿದ್ದರೆ ಈ ಸಾಕ್ಷ್ಯ ದೊರೆಯುತ್ತಿರಲಿಲ್ಲ.

ಇನ್ನೂ ದೊಡ್ಡ ಕುಲುಮೆಯಿಂದ ಬಂದ ಕಲ್ಲಿನ ಕಥೆಯೂ ನಮ್ಮ ದೇಶದ್ದೇ. 1865ರ ಆಗಸ್ಟ್ 25ರಂದು ಬಿಹಾರದ ಶೇರ್ಘಾಟಿಯಲ್ಲಿ ಸುಮಾರು ಐದು ಕಿಲೋ ತೂಕದ ಕಲ್ಲೊಂದು ಬಿದ್ದಿತು. 1872ರಲ್ಲಿ ವಿಯೆನ್ನಾದ ಚೆರ್ಮಾಕ್ ಅದನ್ನು ಪರೀಕ್ಷಿಸಿ, ಇದು ಲಾವಾಶಿಲೆಯಂಥದೇ ಎಂದೂ, ಅದರಲ್ಲಿ ಪೆಟ್ಟಿನಿಂದ ಗಾಜಾಗಿ ಮಾರ್ಪಟ್ಟ ಖನಿಜವಿದೆಯೆಂದೂ ಬರೆದನು. ಆ ಕಲ್ಲು ಬಂದದ್ದೆಲ್ಲಿಂದ ಎಂಬುದು ನೂರು ವರ್ಷ ಕಳೆದರೂ ತಿಳಿಯಲಿಲ್ಲ. ಮುಂದೆ ಅದೇ ಜಾತಿಯ ಇನ್ನೊಂದು ಕಲ್ಲು ಆಂಟಾರ್ಕ್ಟಿಕದ ಹಿಮದಲ್ಲಿ ಸಿಕ್ಕಿತು. 1983ರಲ್ಲಿ ಅದರ ಗಾಜಿನಲ್ಲಿ ಸೆರೆಯಾಗಿದ್ದ ಅನಿಲವನ್ನು ಅಳೆದಾಗ, 1976ರಲ್ಲಿ ವೈಕಿಂಗ್ ನೌಕೆಗಳು ಮಂಗಳಗ್ರಹದ ಮೇಲೆ ಅಳೆದ ಗಾಳಿಯೇ ಅದೆಂಬುದು ಹೊರಬಿತ್ತು. ಶೇರ್ಘಾಟಿಯ ಕಲ್ಲು ಮಂಗಳನ ಲಾವಾ! ಅದು ಗಟ್ಟಿಯಾಗಿ ಹದಿನೇಳು ಕೋಟಿ ವರ್ಷಗಳಷ್ಟೇ ಆಗಿದೆಯೆಂದು ಲೆಕ್ಕ. ಈ ಜಾತಿಯ ಕಲ್ಲುಗಳಿಗೆಲ್ಲ ಇಂದು ಜಗತ್ತಿನಾದ್ಯಂತ ಶೆರ್ಗೊಟೈಟ್ ಎಂದೇ ಹೆಸರು. ಬಿಹಾರದ ಒಂದು ಸಣ್ಣ ಊರು ಮಂಗಳಗ್ರಹದ ಕಲ್ಲಿಗೆ ಹೆಸರು ಕೊಟ್ಟಿತು.

ಶೇರ್ಘಾಟಿಯ ಕಲ್ಲು ಬಿದ್ದ ಇಪ್ಪತ್ತೇಳು ದಿನಗಳಿಗೆ, ಅಂದರೆ 1865ರ ಸೆಪ್ಟೆಂಬರ್ 21ರಂದು, ನಮ್ಮ ಮೈಸೂರು ಸೀಮೆಯ ಮದ್ದೂರಿನಲ್ಲಿಯೂ ಉಲ್ಕಾಶಿಲೆ ಬಿದ್ದಿತು. ಮರುವರ್ಷ ಏಪ್ರಿಲಿನಲ್ಲಿ ಉಡುಪಿಯಲ್ಲಿ ಮತ್ತೊಂದು. ಉಲ್ಕಾಶಿಲೆಗೆ ಅದು ದೊರೆತ ಊರಿನ ಹೆಸರನ್ನೇ ಇಡುವುದು ಪದ್ಧತಿ. ಅಂದಿನ ಆಂಗ್ಲ ಅಧಿಕಾರಿಗಳ ಕಿವಿಗೆ ಕೇಳಿಸಿದಂತೆ ಮದ್ದೂರು ‘ಮುದ್ದೂರ್’ ಆಯಿತು, ಉಡುಪಿ ‘ಉಡಿಪಿ’ ಆಯಿತು. ಇಂದಿಗೂ ಜಗತ್ತಿನ ಪಟ್ಟಿಗಳಲ್ಲಿ ಅವು ಹಾಗೆಯೇ ಇವೆ. ಇವೆರಡೂ ಕಾಂಡ್ರೈಟುಗಳು, ಅಂದರೆ ಸಾಮಾನ್ಯ ಜಾತಿಯವು. ಹಾಗೆಂದು ಕಡೆಗಣಿಸತಕ್ಕವಲ್ಲ.

ನಾವು ವಾಸಿಸುವ ತಮಿಳುನಾಡಿನಲ್ಲಿ ಬಿದ್ದವೂ ಕಡಿಮೆಯೇನಲ್ಲ. 1857ರ ಫೆಬ್ರವರಿ 28ರಂದು ಅಂದಿನ ಮಧುರೆ ಜಿಲ್ಲೆಯಲ್ಲಿ ಬಿದ್ದ ಎರಡು ಕಲ್ಲುಗಳು ಸೇರಿ ಎಪ್ಪತ್ತು ಕಿಲೋ ಮೀರಿದವು. 1890ರ ಜೂನ್ 4ರಂದು ಅಂದಿನ ಸೇಲಂ ಜಿಲ್ಲೆಯ ಕಾಕಂಗರೈ ಎಂಬಲ್ಲಿ ಬಿದ್ದದ್ದು ಅರ್ಧ ಕಿಲೋಗಿಂತಲೂ ಕಡಿಮೆ, ಅಷ್ಟೇ. ಆದರೆ ಅದರಂಥ ಕಲ್ಲು ಅದುವರೆಗೆ ಕಂಡಿರಲಿಲ್ಲವಾದ್ದರಿಂದ ಮುಂದೆ ಒಂದು ಹೊಸ ಪಂಗಡವೇ ಆ ಊರಿನ ಹೆಸರಿನ ಮೊದಲಕ್ಷರದಿಂದ ಏರ್ಪಟ್ಟಿತು. ಸೇಲಂ ದಾಟಿ ಜೋಲಾರ್‌ಪೇಟೆಗೆ ಹೋಗುವ ರೈಲಿನಲ್ಲಿ ನಾವು ಎಷ್ಟು ಸಲ ಆ ಸಣ್ಣ ನಿಲ್ದಾಣವನ್ನು ಹಾದುಹೋಗಿಲ್ಲ! ಇನ್ನು ನಮ್ಮ ನೆರೆಯ ಕೊಡೈಕಾನಲ್ಲಿನಲ್ಲಿ 1898ರಲ್ಲಿ ಸಿಕ್ಕಿದ್ದು ಸುಮಾರು ಹದಿನಾರು ಕಿಲೋ ತೂಕದ ಕಬ್ಬಿಣದ ಉಲ್ಕೆ. ಅದರ ಕಬ್ಬಿಣದ ನಡುವೆ ಕಿಟ್ಟದ ತುಣುಕುಗಳಂತೆ ಶಿಲೆಯ ಹನಿಗಳು ಸಿಕ್ಕಿಕೊಂಡಿವೆ. 1967ರಲ್ಲಿ ಅವುಗಳ ವಯಸ್ಸನ್ನು ಅಳೆದಾಗ 380 ಕೋಟಿ ವರ್ಷದ ಆಸುಪಾಸಿಗೆ ಬಂತು. ಸೌರವ್ಯೂಹಕ್ಕಿಂತ ಎಷ್ಟೋ ಕಿರಿಯದು. ಎಲ್ಲ ಕುಲುಮೆಗಳೂ ಒಂದೇ ದಿನ ಆರಲಿಲ್ಲವೆಂದು ಇದರಿಂದ ತಿಳಿಯುತ್ತದೆ.

ಕರಗಿ ಹರಿದ ಕಲ್ಲಿನ ಜಾತಿಗೆ ಸೇರಿದ್ದು ದಕ್ಷಿಣದಲ್ಲಿ ಬಿದ್ದ ಉದಾಹರಣೆ ಬೇಕೆಂದರೆ, 1997ರ ಡಿಸೆಂಬರ್ 13ರಂದು ಆಂಧ್ರದ ಅಂದಿನ ಕೃಷ್ಣಾ ಜಿಲ್ಲೆಯ ವಿಸ್ಸನ್ನಪೇಟೆಯಲ್ಲಿ ಬಿದ್ದ ಯೂಕ್ರೈಟನ್ನು ಹೇಳಬೇಕು. ತೂಕ ಒಂದೂಕಾಲು ಕಿಲೋ ಮೀರಿದ್ದು. ಉತ್ತರದಲ್ಲಿ ಇಂಥವು ಹಲವು: ಬಂಗಾಳದ ಶಾಲ್ಕಾದಲ್ಲಿ 1850ರಲ್ಲಿ ಡಯೋಜಿನೈಟ್, ಒಡಿಶಾದ ಮಯೂರಭಂಜದ ಭೋಲ್ಘಾಟಿಯಲ್ಲಿ 1905ರಲ್ಲಿ ಹೋವರ್ಡೈಟ್, ರಾಜಸ್ಥಾನದ ಲೋಹಾವತ್‌ನಲ್ಲಿ 1994ರಲ್ಲಿ ಇನ್ನೊಂದು ಹೋವರ್ಡೈಟ್. 2022ರ ಆಗಸ್ಟ್ 17ರಂದು ಗುಜರಾತಿನ ದಿಯೋದರದ ಬಳಿ ಬಿದ್ದದ್ದು ಆಬ್ರೈಟ್ ಎಂಬ ಅತ್ಯಪರೂಪದ ಕಲ್ಲು. ಅದು ಒಂದು ಹಳ್ಳಿಯಲ್ಲಿ ಬೇವಿನ ಮರಕ್ಕೆ ಬಡಿಯಿತು, ಇನ್ನೊಂದರಲ್ಲಿ ಮನೆಯ ಜಗಲಿಯ ಹಾಸನ್ನು ಒಡೆಯಿತು. ಅದಕ್ಕೆ ಮೊದಲು ಆ ಜಾತಿಯ ಕಲ್ಲು ನಮ್ಮ ದೇಶದಲ್ಲಿ ಬಿದ್ದದ್ದು 1852ರಲ್ಲಿ, ಉತ್ತರಪ್ರದೇಶದ ಬಸ್ತಿಯಲ್ಲಿ. ನೂರಎಪ್ಪತ್ತು ವರ್ಷಕ್ಕೊಮ್ಮೆ ಬಂದ ಅತಿಥಿ!

ಈ ಪಟ್ಟಿಯನ್ನು ಕೇಳಿದಾಗ ಒಂದು ಸಂಗತಿ ನಿಮ್ಮ ಗಮನಕ್ಕೆ ಬಂದಿರಬಹುದು. ಇವೆಲ್ಲ ಬೀಳುವುದನ್ನು ಕಂಡೋ ಸದ್ದನ್ನು ಕೇಳಿಯೋ ಜನ ಎತ್ತಿಕೊಂಡವು. ಏಕೆಂದರೆ ಈ ಜಾತಿಯ ಕಲ್ಲು ಬಿದ್ದು ನಾಲ್ಕು ಮಳೆಗಾಲ ಕಳೆಯಿತೆಂದರೆ ಹೊಲದ ಕಲ್ಲಿನೊಳಗೆ ಕಲ್ಲಾಗಿ ಕಣ್ಣಿಗೆ ಬೀಳದಂತಾಗುತ್ತದೆ. ಕಬ್ಬಿಣದ ಉಲ್ಕೆಯನ್ನು ಅದರ ಭಾರವೇ ತೋರಿಸಿಕೊಡುತ್ತದೆ. ಕಾಂಡ್ರೈಟು ಅಯಸ್ಕಾಂತಕ್ಕೆ ಅಂಟುತ್ತದೆ. ಕರಗಿ ಹರಿದ ಕಲ್ಲಾದರೋ ನಮ್ಮ ನೆಲದ ಕಲ್ಲಿನಂತೆಯೇ ಇರುತ್ತದೆ. ಆಂಟಾರ್ಕ್ಟಿಕದ ಬಿಳಿಯ ಹಿಮದಲ್ಲಿಯೂ ಸಹಾರಾ ಮರುಭೂಮಿಯಲ್ಲಿಯೂ ಕಪ್ಪು ಕಲ್ಲು ಎದ್ದು ಕಾಣುತ್ತದೆ. 1969ರಲ್ಲಿ ಜಪಾನಿನ ತಂಡವೊಂದು ಆಂಟಾರ್ಕ್ಟಿಕದಲ್ಲಿ ಒಂದೇ ಕಡೆ ಬೇರೆಬೇರೆ ಜಾತಿಯ ಒಂಬತ್ತು ಕಲ್ಲುಗಳನ್ನು ಆಯ್ದಿತು. ಹರಿಯುವ ಹಿಮವು ಅವನ್ನು ಹೊತ್ತು ತಂದು ಗುಡ್ಡೆ ಹಾಕುತ್ತದೆಂಬುದು ಆಗ ಅರ್ಥವಾಯಿತು. ಅಲ್ಲಿಂದೀಚೆಗೆ ಅಲ್ಲಿ ದೊರೆತವು ನಲವತ್ತು ಸಾವಿರಕ್ಕೂ ಮಿಗಿಲು. ಮಳೆಯೂ ಗೆದ್ದಲೂ ನೇಗಿಲೂ ಇರುವ ನಮ್ಮ ನಾಡಿನಲ್ಲಿ ಆ ಸೌಕರ್ಯವಿಲ್ಲ. ಇಲ್ಲಿ ಕಲ್ಲನ್ನು ಉಳಿಸಬಲ್ಲದ್ದು ಮನುಷ್ಯನ ನೆನಪು ಒಂದೇ.

ಈಗ ನನ್ನದೇ ಒಂದು ತಪ್ಪನ್ನು ಈ ಸಭೆಯ ಮುಂದೆ ಹೇಳಿಕೊಳ್ಳಬೇಕಾಗಿದೆ.

ಎರಕದ ಊರಿನಲ್ಲಿ ಕಲ್ಲು ಪರೀಕ್ಷೆ ಮಾಡುವವನೆಂದು ನನಗೆ ತಕ್ಕಮಟ್ಟಿನ ಹೆಸರಿತ್ತು. ಆಕಾಶದ ಕಲ್ಲೆಂದು ಜನ ತಂದು ತೋರಿಸುತ್ತಿದ್ದುದು ಬಹುತೇಕ ನಮ್ಮ ಕಾರ್ಖಾನೆಗಳು ಎಸೆದ ಕಿಟ್ಟವೇ. ಕರಿದು, ಭಾರವಾದದ್ದು, ಹೊಳಪುಳ್ಳದ್ದು. ಒಡೆದರೆ ಒಳಗೆಲ್ಲ ಗುಳ್ಳೆ. ಉಲ್ಕಾಶಿಲೆಯಲ್ಲಿ ಗುಳ್ಳೆಗಳು ಬಲು ಅಪರೂಪ. ಅಕ್ಕಿಕಾಳನ್ನು ಸೆಳೆಯುವ ಚೊಂಬು, ಕೋಟಿಗಟ್ಟಲೆ ಬಾಳುವ ಇರಿಡಿಯಮ್ ಎಂದು ಹೇಳಿ ಮುಗ್ಧರಿಂದ ಹಣ ಕಿತ್ತುಕೊಳ್ಳುವ ವಂಚಕರ ಕಾಟವೂ ಈ ಸೀಮೆಯಲ್ಲಿ ಕಡಿಮೆಯಲ್ಲ. ಹೊಲ ಅಡವಿಟ್ಟು ಕಿಟ್ಟದ ಗಡ್ಡೆಯೊಂದನ್ನು ಕೊಂಡಿದ್ದ ಒಬ್ಬ ನೇಕಾರನಿಗೆ ನಿಜ ಹೇಳಬೇಕಾಗಿ ಬಂದ ದಿನ ನನಗೆ ಊಟ ಸೇರಲಿಲ್ಲ. ಹೀಗೆ ಇಲ್ಲ ಇಲ್ಲ ಎಂದು ಹೇಳಿ ಹೇಳಿ ನನ್ನ ನಾಲಗೆಗೆ ಅದೇ ರೂಢಿಯಾಗಿತ್ತೆಂದು ಈಗ ತೋರುತ್ತದೆ.

1980ರ ದಶಕದ ಆರಂಭದಲ್ಲಿ ಒಂದು ದಿನ ತಾಳವಾಡಿಯ ಕಡೆಯಿಂದ ಹಿರಿಯರೊಬ್ಬರು ಬಂದರು. ದಿಂಬದ ಘಟ್ಟವನ್ನಿಳಿದು, ಬಸ್ಸು ಬದಲಾಯಿಸಿ ಬಂದಿದ್ದರು. ಟವೆಲಿನ ಗಂಟು ಬಿಚ್ಚಿ ಅರ್ಧ ತೆಂಗಿನಕಾಯಿ ಗಾತ್ರದ ಕಲ್ಲೊಂದನ್ನು ನನ್ನ ಮೇಜಿನ ಮೇಲಿಟ್ಟರು. ಅವರು ದನ ಮೇಯಿಸುವ ಹುಡುಗನಾಗಿದ್ದಾಗ ಒಂದು ಮಧ್ಯಾಹ್ನ, ಮೋಡವಿಲ್ಲದ ಆಕಾಶದಲ್ಲಿ ಮೂರು ಸಲ ಫಿರಂಗಿಯಂಥ ಸದ್ದಾಯಿತಂತೆ. ದನಗಳು ಬಾಲವೆತ್ತಿ ಓಡಿದವಂತೆ. ಮರುದಿನ ಅವರ ತಂದೆ ರಾಗಿಯ ಹೊಲದಲ್ಲಿ ಹೊಸ ಗುಳಿಯನ್ನು ಕಂಡು ಅಗೆದು ತೆಗೆದ ಕಲ್ಲದು. ಅಂದಿನಿಂದ ದೇವರ ಗೂಡಿನಲ್ಲಿತ್ತು.

“ನೋಡಪ್ಪಾ, ಇದೇನು ಅಂತ ಹೇಳು. ನಾನು ಕಣ್ಣು ಮುಚ್ಚೋಕೆ ಮುಂಚೆ ತಿಳ್ಕೋಬೇಕು” ಎಂದರು.

ಕಲ್ಲಿನ ಮೇಲ್ಮೈ ಅರಗು ಬಳಿದಂತೆ ಕರ್ರಗೆ ಹೊಳೆಯುತ್ತಿತ್ತು. ಒಂದು ಮೂಲೆ ಮುಕ್ಕಾಗಿ ಒಳಗಿನ ಬೂದಿಬಣ್ಣ ಕಾಣುತ್ತಿತ್ತು. ನಾನು ಅಯಸ್ಕಾಂತ ಹಿಡಿದೆ, ಅದು ಅಂಟಲಿಲ್ಲ. ಉಲ್ಕೆಯೆಂದರೆ ಕಬ್ಬಿಣವಿರಲೇಬೇಕೆಂಬುದಷ್ಟೇ ಆಗ ನನಗಿದ್ದ ತಿಳಿವಳಿಕೆ. “ತಾತ, ಇದು ಆಕಾಶದ ಕಲ್ಲಲ್ಲ. ನಿಮ್ಮ ಕಡೆಯ ಕರಿಕಲ್ಲೇ ಬೆಂಕಿಗೆ ಸಿಕ್ಕು ಹೀಗಾಗಿರಬೇಕು” ಎಂದುಬಿಟ್ಟೆ.

“ಹಂಗಾದ್ರೆ ಆ ಸದ್ದು?” ಎಂದು ಅವರು ಕೇಳಿದರು.

“ಗುಡುಗಿರಬೇಕು, ತಾತ.”

ಅವರು ಮತ್ತೇನನ್ನೂ ಹೇಳಲಿಲ್ಲ. ಕಲ್ಲನ್ನು ಟವೆಲಿನಲ್ಲಿ ಕಟ್ಟಿಕೊಂಡು, ಕೊಟ್ಟ ಕಾಫಿಯನ್ನು ಕುಡಿದು, ನಮಸ್ಕಾರ ಹೇಳಿ ಹೊರಟುಹೋದರು.

ಇಪ್ಪತ್ತು ವರ್ಷಗಳ ತರುವಾಯ ಯೂಕ್ರೈಟುಗಳ ವಿಚಾರವಾಗಿ ಬರೆದ ಪುಸ್ತಕವೊಂದು ನನ್ನ ಕೈಗೆ ಬಂತು. ಅದರಲ್ಲಿ ಹೀಗೆ ಬರೆದಿತ್ತು: ಯೂಕ್ರೈಟಿನಲ್ಲಿ ಲೋಹದ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಅಯಸ್ಕಾಂತ ಸೆಳೆಯದಿರಬಹುದು, ಅದರಲ್ಲಿ ಸುಣ್ಣದ ಅಂಶ ಹೆಚ್ಚಾದುದರಿಂದ ಗಾಳಿಯಲ್ಲಿ ಕರಗಿದ ಹೊರಪೊರೆ ಗಾಜಿನಂತೆ ಹೊಳೆಯುತ್ತದೆ, ಒಳಗೆ ಬೂದಿಬಣ್ಣ. ಓದುತ್ತಿದ್ದಂತೆ ನನ್ನ ಕೈ ತಣ್ಣಗಾಯಿತು. ಮುಂದಿನ ಭಾನುವಾರವೇ ತಾಳವಾಡಿಗೆ ಹೋದೆ. ತಾತ ತೀರಿಕೊಂಡು ಹದಿನೈದು ವರ್ಷವಾಗಿತ್ತು. ಅವರ ಮಗ ಮರ್ಯಾದೆಯಿಂದ ಕೂರಿಸಿ ಹೇಳಿದರು: “ಕೊಯಮತ್ತೂರಿನಿಂದ ಬಂದ ದಿವಸ ಅಪ್ಪ ಅದನ್ನ ಗೂಡಿಂದ ತೆಗೆದು ಹಿತ್ತಲಲ್ಲಿಟ್ರು ಸ್ವಾಮಿ. ಓದಿದೋರು ಬರೀ ಕಲ್ಲು ಅಂದ್ರು, ದೇವರ ಹತ್ರ ಯಾಕೆ ಅಂದ್ರು. ಆಮೇಲೆ ಮನೆ ಕಟ್ಟಿದಾಗ ಪಾಯಕ್ಕೆ ಹೋಗಿರಬೇಕು.” ಹಿತ್ತಿಲಿನಲ್ಲೆಲ್ಲ ಸಂಜೆಯವರೆಗೆ ಹುಡುಕಿದೆವು. ಸಿಗಲಿಲ್ಲ.

ಅದು ಯೂಕ್ರೈಟೇ ಆಗಿತ್ತೆಂದು ಹೇಳಲು ನನಗೆ ಅಧಿಕಾರವಿಲ್ಲ. ಕಲ್ಲಿಲ್ಲದೆ ಯಾರೂ ಹಾಗೆ ಹೇಳಲಾರರು. ಆದರೆ ಅಲ್ಲವೆಂದು ಹೇಳುವ ಅಧಿಕಾರವೂ ಅಂದು ನನಗಿರಲಿಲ್ಲ, ನಾನು ಹೇಳಿದೆ. ಕಣ್ಣಾರೆ ಕಂಡು ಕಿವಿಯಾರೆ ಕೇಳಿದವರ ಸಾಕ್ಷ್ಯ ನನ್ನ ಮುಂದೆ ಕುಳಿತಿತ್ತು. ನಾನು ಜೇಬಿನ ಅಯಸ್ಕಾಂತವನ್ನು ನಂಬಿದೆ. ಕಾಶಿಯ ರೈತರನ್ನು ನೋಡಿ ನಕ್ಕವರಿಗಿಂತ ನಾನು ಯಾವ ರೀತಿಯಲ್ಲಿ ಮೇಲು?

ಅಯಸ್ಕಾಂತದ ವಿಚಾರದಲ್ಲಿ ಇನ್ನೊಂದು ಮಾತನ್ನೂ ಈಚೆಗೆ ಕಲಿತೆ. ಆಂಟಾರ್ಕ್ಟಿಕದಲ್ಲಿ ಸಿಕ್ಕ ಒಂದು ಯೂಕ್ರೈಟಿನಲ್ಲಿ ಅಡಗಿದ್ದ ಅತಿ ಕ್ಷೀಣವಾದ ಕಾಂತತ್ವವನ್ನು ಅಳೆದು, ವೆಸ್ಟಾದ ಒಡಲಲ್ಲಿ ಒಂದು ಕಾಲಕ್ಕೆ ಕರಗಿದ ಕಬ್ಬಿಣ ಕದಡುತ್ತ, ಭೂಮಿಯಂತೆ ಅದೂ ಕಾಂತಕ್ಷೇತ್ರವನ್ನು ಹೊಂದಿತ್ತೆಂದು 2012ರಲ್ಲಿ ತೋರಿಸಿದ್ದಾರೆ. ಬಲವಾದ ಅಯಸ್ಕಾಂತವನ್ನು ಕಲ್ಲಿಗೆ ತಾಗಿಸಿದರೆ ಆ ಹಳೆಯ ಬರಹ ಅಳಿಸಿಹೋಗುತ್ತದೆ. ಪರೀಕ್ಷೆಯೆಂದು ನಾವು ಮಾಡುವುದೇ ಪುರಾವೆಯ ನಾಶವಾಗಬಹುದು.

ಆದ್ದರಿಂದ ಈ ಸಂಘದ ಸದಸ್ಯರಲ್ಲಿ, ಮುಖ್ಯವಾಗಿ ಯುವಕರಲ್ಲಿ, ನನ್ನ ವಿಜ್ಞಾಪನೆಗಳು ಇವು. ಆಕಾಶದಲ್ಲಿ ಬೆಂಕಿಯ ಚೆಂಡನ್ನು ಕಂಡರೆ, ಸದ್ದು ಕೇಳಿದರೆ, ಕೂಡಲೇ ಹೊತ್ತು, ದಿಕ್ಕು, ಎಷ್ಟು ಸದ್ದು ಎಂಬುದನ್ನು ಬರೆದಿಡಿ. ಕಲ್ಲು ಸಿಕ್ಕರೆ ತೆಗೆಯುವ ಮೊದಲು, ಪಕ್ಕದಲ್ಲೊಂದು ನಾಣ್ಯವನ್ನಿಟ್ಟು, ಬಿದ್ದಿರುವ ಜಾಗದಲ್ಲಿಯೇ ಚಿತ್ರ ತೆಗೆಯಿರಿ. ಬರಿಗೈಯಿಂದ ಹೆಚ್ಚು ಮುಟ್ಟಬೇಡಿ, ತೊಳೆಯಬೇಡಿ, ಎಣ್ಣೆ ಕುಂಕುಮ ಹಚ್ಚಬೇಡಿ, ಒಡೆಯಬೇಡಿ, ಅಯಸ್ಕಾಂತ ತಾಗಿಸಬೇಡಿ. ಶುಚಿಯಾದ ಒಣ ಚೀಲದಲ್ಲಿಡಿ. ನಮ್ಮ ದೇಶದಲ್ಲಿ ಉಲ್ಕಾಶಿಲೆಗಳನ್ನು ಕಾಪಾಡುವ ಹೊಣೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯದು. ಅವರಿಗಾಗಲಿ ಜಿಲ್ಲೆಯ ಕಲೆಕ್ಟರ್ ಕಚೇರಿಗಾಗಲಿ ತಿಳಿಸಿ. ಸಂಗ್ರಹದ ಹವ್ಯಾಸ ಒಳ್ಳೆಯದೇ. ಹೊರದೇಶಗಳಲ್ಲಿ ಕೊಳ್ಳುವವರೂ ಮಾರುವವರೂ ಬೇಕಾದಷ್ಟಿದ್ದಾರೆ. ಆದರೆ ಊರು ದಿನಗಳ ವಿವರವಿಲ್ಲದೆ ಕೈ ಬದಲಾಯಿಸಿದ ಕಲ್ಲು ಹೆಸರು ಕಳೆದುಕೊಂಡ ಮಗುವಿನಂತೆ.

ಕನ್ನಡ ಸಂಘಕ್ಕೂ ಕಲ್ಲಿಗೂ ಸಂಬಂಧವೇನೆಂಬ ಪ್ರಶ್ನೆಯನ್ನು ಮೊದಲು ಎತ್ತಿದ್ದೆನಷ್ಟೆ. 1956ರವರೆಗೆ ಕೊಳ್ಳೇಗಾಲವೂ ಇದೇ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಘಟ್ಟದ ಮೇಲೆ ತಾಳವಾಡಿಯಲ್ಲಿ, ಇಲ್ಲಿ ನೊಯ್ಯಲ್ ಹೊಳೆಯ ಬಯಲಿನಲ್ಲಿ, ನೇಕಾರರ ಕೇರಿಗಳಲ್ಲಿ ಕನ್ನಡವಾಡುವ ಮನೆಗಳು ಇಂದಿಗೂ ಇವೆ. ಆ ಮನೆಗಳ ಹಿರಿಯರು ಕಂಡದ್ದನ್ನು ಹೇಳುವುದು ಕನ್ನಡದಲ್ಲಿ. ಕಚೇರಿಯ ಕಾಗದ ತಮಿಳಿನಲ್ಲಿ, ಪಂಡಿತರ ಗ್ರಂಥ ಇಂಗ್ಲಿಷಿನಲ್ಲಿ. ನಡುವೆ ನಿಂತು ಕೇಳಿ ಬರೆದುಕೊಳ್ಳುವವರಿಲ್ಲದಿದ್ದರೆ ಆ ಮಾತು ಅವರೊಡನೆಯೇ ಮಣ್ಣಾಗುತ್ತದೆ. ನಮ್ಮ ಸಂಘದಲ್ಲಿ ಒಂದು ದಪ್ಪ ಪುಸ್ತಕವನ್ನಿಟ್ಟು, ಇಂಥ ಸಿಡಿಲುಕಲ್ಲು, ಬಿದ್ದ ಚುಕ್ಕಿ, ಹಗಲು ಕೇಳಿದ ಗುಡುಗು ಇವುಗಳ ನೆನಪನ್ನು ಹಿರಿಯರಿಂದ ಕೇಳಿ ಬರೆಸಬೇಕೆಂದೂ, ಅದರ ತಮಿಳು ಪ್ರತಿಯನ್ನು ನಮ್ಮ ನೆರೆಹೊರೆಯ ಶಾಲೆಗಳಿಗೆ ಕೊಡಬೇಕೆಂದೂ ನನ್ನ ಸಲಹೆ. ಮೊದಲನೆಯ ಪುಟದಲ್ಲಿ ತಾಳವಾಡಿಯ ತಾತ ಹೇಳಿದ್ದನ್ನು ನಾನೇ ಬರೆಯುತ್ತೇನೆ. ಮೂರು ಸಲ ಸದ್ದು, ಮೋಡವಿಲ್ಲದ ಮಧ್ಯಾಹ್ನ, ರಾಗಿಯ ಹೊಲ. ಆ ಸದ್ದು ಗುಡುಗೆಂದು ನಾನು ಹೇಳಿದ್ದನ್ನು ಅಲ್ಲಿ ಹೊಡೆದುಹಾಕುತ್ತೇನೆ.